ಬಲೂನ್ ಗ್ಯಾಸ್ ಎಳೆದಾಗ ಎದೆಯೊಳಗೆ ಏನಾಗುತ್ತೆ

(ಜಮಖಂಡಿಯಲ್ಲಿ ಪಿಯು ವಿದ್ಯಾರ್ಥಿಗಳು ಮತ್ತು ಪಾಲಕರ ಮುಂದೆ ಅರಿವಳಿಕೆ ವೈದ್ಯೆಯೊಬ್ಬರು ಆಡಿದ ಮಾತಿನ ಬರಹ ರೂಪ)

ಬಲೂನಿಗೆ ತುಂಬೋ ಹೀಲಿಯಂ ಗ್ಯಾಸ್ ಬಗ್ಗೆ ಮಾತಾಡೋ ಮೊದಲು ನಿಮ್ಮೂರಿನದೇ ಒಂದು ವಿಷಯ ಹೇಳಿಬಿಡ್ತೀನಿ, ಇಲ್ಲಿರೋ ಎಷ್ಟೋ ಜನಕ್ಕೆ ಗೊತ್ತಿರಲಿಕ್ಕಿಲ್ಲ. 1868ನೇ ಇಸವಿ ಆಗಸ್ಟ್ 18ಕ್ಕೆ ಒಂದು ಖಗ್ರಾಸ ಸೂರ್ಯಗ್ರಹಣ ಆಯ್ತು, ಅದರ ನೆರಳು ಈ ಸೀಮೆ ಮೇಲೇ ಹಾದುಹೋಯ್ತು. ಅದನ್ನ ನೋಡೋಕೆ ಅಂತ ಲಂಡನ್ನಿನ ರಾಯಲ್ ಸೊಸೈಟಿ ಕಡೆಯಿಂದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅನ್ನೋನು, ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ, ಉಪಕರಣ ಎಲ್ಲ ಹೊರಿಸ್ಕೊಂಡು ಇದೇ ಜಮಖಂಡಿಗೆ ಬಂದಿದ್ದ. ಮೋಡದ ಕಾಟದ ನಡುವೆ ಅವನಿಗೆ ಸೂರ್ಯನ ಅಂಚಿನ ಜ್ವಾಲೆಯ ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸಿ ನೋಡಿದಾಗ ಕೆಂಪು, ಕಿತ್ತಳೆ, ನೀಲಿ ಗೆರೆಗಳು ಕಂಡ್ವು. ಉರಿಯೋ ಒಂದೊಂದು ವಸ್ತುವಿಗೂ ಅದರದೇ ಗೆರೆ ಇರುತ್ತೆ. ಅದೇ ದಿನ ಗುಂಟೂರಿನಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ಜಾನ್ಸೆನ್ ಕೂಡ ನೋಡ್ತಿದ್ದ. ಆ ಹಳದಿ-ಕಿತ್ತಳೆ ಗೆರೆ ಯಾವ ವಸ್ತುವಿನದು ಅಂತ ಯಾರಿಗೂ ಬಗೆಹರೀಲಿಲ್ಲ, ಸೋಡಿಯಂ ಇರಬೇಕು ಅಂದ್ಕೊಂಡ್ರು, ಇಂಗ್ಲೆಂಡಿನ ಖಗೋಳ ವಿಜ್ಞಾನಿ ಲಾಕಿಯರ್ "ಅಲ್ಲ, ಇದು ಬೇರೆ" ಅಂದ. ಗ್ರೀಕರ ಸೂರ್ಯ ಹೀಲಿಯೋಸ್, ಅವನ ಹೆಸರಿಂದ ಹೀಲಿಯಂ. ಭೂಮಿ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ, ರಸಾಯನ ವಿಜ್ಞಾನಿ ವಿಲಿಯಂ ರ‍್ಯಾಮ್ಸೆಗೆ, ಒಂದು ಯುರೇನಿಯಂ ಅದಿರಿನೊಳಗೆ. ಅಂದ್ರೆ ನಿಮ್ಮೂರಿನ ಆಕಾಶದಲ್ಲಿ ಕಂಡು 27 ವರ್ಷ ಆದ್ಮೇಲೆ.

ಅಷ್ಟು ದೂರದಲ್ಲಿ ಮೊದಲು ಕಂಡ ವಸ್ತು ಈಗ ಬರ್ತ್‌ಡೇ ಪಾರ್ಟಿ ಬಲೂನಲ್ಲಿ ಇದೆ, ಮತ್ತೆ ನಾನು ಇವತ್ತು ಇಲ್ಲಿ ನಿಂತಿರೋದೂ ಒಂದು ಬರ್ತ್‌ಡೇ ಪಾರ್ಟಿ ದೆಸೆಯಿಂದಾನೇ.

ಹೋದ ವರ್ಷ ನಮ್ಮ ನೆಂಟರ ಮನೆ ಮಗುವಿನ ಹುಟ್ಟುಹಬ್ಬ. ಡೆಕೋರೇಷನ್‌ನೋನು ನನ್ನ ಭುಜದಷ್ಟು ಎತ್ತರದ ಸಿಲಿಂಡರ್ ತಂದು ಹಾಲಿನ ಮೂಲೆಯಲ್ಲಿ ನಿಲ್ಲಿಸಿದ್ದ, ಗೋಡೆಗೆ ಒಂದು ಚೈನೂ ಹಾಕಿರಲಿಲ್ಲ. ಅಲಂಕಾರ ಮುಗೀತು, ಉಳಿದ ಬಲೂನಲ್ಲಿ ಹುಡುಗ್ರು ಶುರು ಮಾಡಿದ್ರು, ಒಬ್ಬ ಎಳೆಯೋದು, ಕೀರಲು ದನಿಯಲ್ಲಿ ಹ್ಯಾಪಿ ಬರ್ತ್‌ಡೇ ಹಾಡೋದು, ಎಲ್ಲರೂ ಬಿದ್ದುಬಿದ್ದು ನಗೋದು, ದೊಡ್ಡವರು ವಿಡಿಯೋ ಮಾಡೋದು. ನಾನೂ ಒಂದೆರಡು ನಿಮಿಷ ನೋಡ್ತಾ ನಿಂತಿದ್ದೆ, ಅದು ನನ್ನ ತಪ್ಪು, ಅವತ್ತಿಂದ ಅದು ಮನಸ್ಸಲ್ಲಿ ಕೊರೀತಾನೇ ಇದೆ. ಅಷ್ಟರಲ್ಲಿ ಒಂಬತ್ತನೇ ಕ್ಲಾಸಿನ ಹುಡುಗ ಒಬ್ಬ "ಅಂಕಲ್, ಬಲೂನ್ ಬ್ಯಾಡ್ರೀ, ಡೈರೆಕ್ಟ್ ಪೈಪ್ ಕೊಡ್ರಿ" ಅಂತ ಬಾಯಿ ತಗೊಂಡು ಹೋಗಿ ನಾಜಲ್ ಹತ್ರ ಇಟ್ಟ. ಆಗ ನಾನು ಕೂಗಿದ ಕೂಗಿಗೆ ಇಡೀ ಹಾಲ್ ಸ್ತಬ್ಧ ಆಯ್ತು. ಆ ಬಲೂನಿನವ, ಪಾಪ ಕೆಟ್ಟ ಮನುಷ್ಯ ಏನಲ್ಲ, ಸಮಾಧಾನವಾಗಿ ಹೇಳಿದ: "ಏನೂ ಆಗಂಗಿಲ್ರೀ ಮೇಡಂ, ಇದು ವಿಷ ಅಲ್ಲ, ಬೆಂಕಿನೂ ಹತ್ತಂಗಿಲ್ಲ."

ಅವನು ಹೇಳಿದ ಎರಡೂ ಮಾತು ನಿಜ. ಹೀಲಿಯಂ ವಿಷ ಅಲ್ಲ. ಹೀಲಿಯಂಗೆ ಬೆಂಕಿ ಹತ್ತಲ್ಲ. ಆದ್ರೂ ಅದನ್ನ ಎಳೆದು ಜನ ಸತ್ತಿದ್ದಾರೆ, ಮಕ್ಕಳು ಸತ್ತಿದ್ದಾರೆ. ಈ ಎರಡು ನಿಜದ ನಡುವೆ ಸಾವು ಎಲ್ಲಿಂದ ನುಗ್ಗುತ್ತೆ ಅನ್ನೋದೇ ಇವತ್ತಿನ ಮಾತು.

ಮೊದಲು ದನಿ ವಿಷಯ ಮುಗಿಸಿಬಿಡೋಣ, ಹುಡುಗರಿಗೆ ಬೇಕಾಗಿರೋದು ಅದೇ. ತುಂಬಾ ಜನ ಅಂದ್ಕೊಂಡಿರೋದು ಹೀಲಿಯಂ ಎಳೆದ್ರೆ ಗಂಟಲಿನ ತಂತು ಜೋರಾಗಿ ನಡುಗುತ್ತೆ, ಅದಕ್ಕೆ ದನಿ ಕೀರಲಾಗುತ್ತೆ ಅಂತ. ಹಾಗಲ್ಲ. ತಂತು ಹೆಚ್ಚುಕಡಿಮೆ ಮೊದಲಿನ ವೇಗದಲ್ಲೇ ನಡುಗ್ತಿರುತ್ತೆ. ವೀಣೆ ನೆನಪಿಸ್ಕೊಳ್ಳಿ, ತಂತಿ ಬೇರೆ, ಕೊಡ ಬೇರೆ ಅಲ್ವಾ, ತಂತಿ ಸ್ವರ ಹುಟ್ಟಿಸುತ್ತೆ, ಕೊಡ ಅದಕ್ಕೆ ನಾದ ತುಂಬುತ್ತೆ. ನಮ್ಮಲ್ಲಿ ಗಂಟಲು, ಬಾಯಿ, ಮೂಗಿನ ಪೊಳ್ಳು ಇವೇ ಕೊಡ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ 343 ಮೀಟರ್ ಓಡುತ್ತೆ, ಹೀಲಿಯಂನಲ್ಲಿ ಸುಮಾರು 1000 ಮೀಟರ್, ಹತ್ತಿರ ಹತ್ತಿರ ಮೂರು ಪಟ್ಟು, ಯಾಕಂದ್ರೆ ಹೀಲಿಯಂ ಗಾಳಿಗಿಂತ ಏಳು ಪಟ್ಟು ಹಗುರ. ಶಬ್ದ ಜೋರಾಗಿ ಓಡಿದಾಗ ಬಾಯಿಯ ಪೊಳ್ಳು ಎತ್ತರದ ಕಂಪನಗಳನ್ನ ಎತ್ತಿ ಹಿಡಿಯುತ್ತೆ, ಕೆಳಗಿನವು ಸೊರಗಿಹೋಗ್ತವೆ. ತಂತಿ ಅದೇ, ಕೊಡ ಚಿಕ್ಕದಾದ ಹಾಗೆ. ಹಾಗಾಗಿ ಶ್ರುತಿ ಹಿಡಿದು ಹಾಡೋರು ಹೀಲಿಯಂ ಎಳೆದು ಹಾಡಿದ್ರೂ ಶ್ರುತಿ ಅಲ್ಲೇ ಇರುತ್ತೆ, ದನಿಯ ಬಣ್ಣ ಮಾತ್ರ ಬೇರೆ. ಇದೇ ಕಾರಣಕ್ಕೆ ಗಾಳಿಗಿಂತ ಐದು ಪಟ್ಟು ಭಾರದ ಸಲ್ಫರ್ ಹೆಕ್ಸಾಫ್ಲೋರೈಡ್ ಅಂತ ಒಂದು ಗ್ಯಾಸ್ ಇದೆ, ಕರೆಂಟಿನ ಸಬ್‌ಸ್ಟೇಷನ್ ಬ್ರೇಕರ್‌ಗಳಲ್ಲಿ ತುಂಬ್ತಾರೆ, ಅದರಲ್ಲಿ ದನಿ ರಾಕ್ಷಸನ ಹಾಗೆ ದಪ್ಪ ಆಗುತ್ತೆ. ವಿಡಿಯೋ ನೋಡಿರ್ತೀರಿ. ಅದನ್ನೂ ಯಾರೂ ಮಾಡ್ಬೇಡಿ, ಆ ಗ್ಯಾಸೂ ಆಮ್ಲಜನಕದ ಜಾಗ ಕಿತ್ಕೊಳ್ಳುತ್ತೆ.

ಈಗ ಎದೆಯೊಳಗೆ ಬರೋಣ. ನಾನು ದಿನಾ ಮಾಡೋ ಕೆಲಸ ಅಂದ್ರೆ ಆಪರೇಷನ್‌ಗೆ ಮುಂಚೆ ಜನರನ್ನ ನಿದ್ದೆಗೆ ಕಳಿಸೋದು. ನಿದ್ದೆಗೆ ಕಳಿಸೋ ಮೊದಲು ಮುಖಕ್ಕೆ ಮಾಸ್ಕ್ ಇಟ್ಟು ಮೂರ‍್ನಾಲ್ಕು ನಿಮಿಷ ಶುದ್ಧ ಆಮ್ಲಜನಕ ಕೊಡ್ತೀವಿ, ಆಪರೇಷನ್ ಆದೋರಿಗೆ ಗೊತ್ತಿರುತ್ತೆ, "ಜೋರಾಗಿ ಉಸಿರಾಡಿ" ಅಂತ ಹೇಳ್ತಿರ್ತೀವಲ್ಲ ಅದು. ಯಾಕೆ ಅಂದ್ರೆ, ಉಸಿರು ಬಿಟ್ಟಾದ ಮೇಲೂ ಶ್ವಾಸಕೋಶದಲ್ಲಿ ಎರಡು-ಎರಡೂವರೆ ಲೀಟರ್ ಗಾಳಿ ಉಳಿದಿರುತ್ತೆ. ಅದು ನಮ್ಮ ಕಣಜ. ಆ ಕಣಜದ ತುಂಬ ಆಮ್ಲಜನಕ ತುಂಬಿಟ್ರೆ, ಔಷಧಿಯಿಂದ ರೋಗಿಯ ಉಸಿರು ನಿಂತು ನಾವು ಟ್ಯೂಬ್ ಹಾಕೋವರೆಗೂ ಮಿದುಳಿಗೆ, ಹೃದಯಕ್ಕೆ ಕೊರತೆ ಬೀಳಲ್ಲ. ಹೀಲಿಯಂ ಎಳೆಯೋದು ಇದರ ನೇರ ಉಲ್ಟಾ. ತುಂಬಿದ ಕಣಜವನ್ನ ಗುಡಿಸಿ ಹೊರಗೆ ಹಾಕೋ ಕೆಲಸ ಅದು.

ಇಲ್ಲೊಬ್ಬ ಹುಡುಗ ಆಗಲೇ ಕೇಳಿದ, ಮೇಡಂ ನಾನು ಒಂದು ನಿಮಿಷ ಉಸಿರು ಹಿಡೀತೀನಿ, ಒಂದು ಬಲೂನ್ ಎಳೆದ್ರೆ ಏನಾಗುತ್ತೆ ಅಂತ. ಒಳ್ಳೆ ಪ್ರಶ್ನೆ, ಎಷ್ಟೋ ದೊಡ್ಡವರಿಗೂ ಇದೇ ತಪ್ಪು ಲೆಕ್ಕ ಇದೆ. ನೀನು ಉಸಿರು ಹಿಡಿದಾಗ ನಿನ್ನ ಕಣಜ ತುಂಬಿದೆ, ರಕ್ತ ಬಂದು ಬಂದು ಅಲ್ಲಿಂದ ಆಮ್ಲಜನಕ ಹೊತ್ಕೊಂಡು ಹೋಗ್ತಿರುತ್ತೆ. ಶುದ್ಧ ಹೀಲಿಯಂ ತುಂಬಿದ ಎದೆಗೆ ಅದೇ ರಕ್ತ ಬಂದ್ರೆ? ಅಲ್ಲಿ ತಗೊಳ್ಳೋಕೆ ಏನಿಲ್ಲ. ಅಷ್ಟೇ ಆಗಿದ್ರೆ ಬೇರೆ ಮಾತು, ಗ್ಯಾಸ್ ಯಾವತ್ತೂ ಹೆಚ್ಚಿರೋ ಕಡೆಯಿಂದ ಕಡಿಮೆ ಇರೋ ಕಡೆಗೆ ಹೋಗುತ್ತಲ್ಲ, ಹಾಗಾಗಿ ರಕ್ತದಲ್ಲಿ ಉಳಿದಿದ್ದ ಆಮ್ಲಜನಕ ಕೂಡ ವಾಪಸ್ ಶ್ವಾಸಕೋಶಕ್ಕೆ ಸೋರಿ, ಮುಂದಿನ ಉಸಿರಿನ ಜೊತೆ ಹೊರಗೆ ಹೋಗುತ್ತೆ. ಸಾಲ ಕೇಳೋಕೆ ಹೋದವನು ಜೇಬಲ್ಲಿದ್ದ ದುಡ್ಡನ್ನೂ ಕೊಟ್ಟು ಬಂದ ಹಾಗೆ. ಆ ಖಾಲಿ ರಕ್ತ ನೇರ ಮಿದುಳಿಗೆ ಹೋಗುತ್ತೆ. ಉಸಿರು ಹಿಡಿಯೋದಕ್ಕೂ ಹೀಲಿಯಂ ಎಳೆಯೋದಕ್ಕೂ ಇರೋ ವ್ಯತ್ಯಾಸ ಇದು, ದಯವಿಟ್ಟು ಇದೊಂದನ್ನ ಮನೆಗೆ ಹೋಗಿ ತಮ್ಮಂದಿರಿಗೆ ತಂಗಿಯಂದಿರಿಗೆ ಹೇಳಿ.

ಇನ್ನೊಂದು ವಿಷಯ, ಇದು ಇನ್ನೂ ಮುಖ್ಯ. ಉಸಿರುಗಟ್ಟೋ ಸಂಕಟ ನಮಗೆ ಯಾಕಾಗುತ್ತೆ? ಆಮ್ಲಜನಕ ಕಡಿಮೆ ಆಗಿದ್ದಕ್ಕೆ ಅಂತ ಎಲ್ಲರೂ ಹೇಳ್ತಾರೆ. ಮುಖ್ಯವಾಗಿ ಅದಲ್ಲ. ಒಳಗೆ ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ ಮಿದುಳು ಗಂಟೆ ಬಾರಿಸುತ್ತೆ. ಹೀಲಿಯಂ ಎಳೆದು ಬಿಡ್ತಿದ್ರೆ ಆ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗ್ತಾನೇ ಇರುತ್ತೆ, ಗಂಟೆ ಬಾರಿಸಲ್ಲ. ಹಾಗಾಗಿ "ಕಷ್ಟ ಆದ್ರೆ ನಿಲ್ಲಿಸ್ತೀನಿ" ಅನ್ನೋ ಧೈರ್ಯ ಇಲ್ಲಿ ಉಪಯೋಗಕ್ಕೆ ಬರಲ್ಲ, ಗೊತ್ತಾಗೋ ಮೊದಲೇ ಕಾಲು ಕುಸಿಯುತ್ತೆ. ನಿಂತಿರೋ ಮಗು ಹಾಗೆ ಬಿದ್ರೆ ತಲೆ ನೆಲಕ್ಕೆ ಬಡಿಯುತ್ತೆ, ಮೆಟ್ಟಿಲ ಹತ್ರ ಇದ್ರೆ ಕೇಳೋದೇ ಬೇಡ.

ಬಾವಿಯಲ್ಲಿ ಈಜೋ ಹುಡುಗರೂ ಇದನ್ನ ಕೇಳ್ಕೊಳ್ಳಿ. ಯಾರು ಹೆಚ್ಚು ಹೊತ್ತು ಮುಳುಗಿರ್ತಾರೆ ಅಂತ ಪಂದ್ಯ ಕಟ್ಟಿ, ಮುಳುಗೋ ಮೊದಲು ಜೋರಾಗಿ ಹತ್ತಾರು ಸಲ ಉಸಿರಾಡ್ತೀರಲ್ಲ, ಅಲ್ಲೂ ಆಗೋದು ಇದೇ. ಆಮ್ಲಜನಕ ಹೆಚ್ಚೇನೂ ತುಂಬಲ್ಲ, ಇಂಗಾಲದ ಡೈಆಕ್ಸೈಡ್ ಮಾತ್ರ ಖಾಲಿಯಾಗುತ್ತೆ, ಗಂಟೆ ತಡವಾಗುತ್ತೆ, ನೀರೊಳಗೇ ಎಚ್ಚರ ತಪ್ಪುತ್ತೆ. ಚೆನ್ನಾಗಿ ಈಜು ಬರೋ ಹುಡುಗ ಹೇಗೆ ಮುಳುಗಿದ ಅಂತ ಊರೆಲ್ಲ ಮಾತಾಡ್ಕೊಳ್ಳುತ್ತೆ.

ನಿಮ್ಮ ಕಡೆ ಹಿರಿಯರಿಗೆ ಈ ವಿಷಯ ಪುಸ್ತಕ ಇಲ್ಲದೇ ಗೊತ್ತಿತ್ತು. ಹಗೇವು ನೋಡಿದೋರು ಇಲ್ಲಿ ಎಷ್ಟು ಜನ ಇದ್ದೀರಿ? ಹಿಂದಿನ ಸಾಲಿನ ಅಜ್ಜಂದಿರು ಎಲ್ಲರೂ ಕೈ ಎತ್ತಿದ್ರು. ನಾನು ಮಲೆನಾಡಿನವಳು, ಇಲ್ಲಿ ಕೆಲಸಕ್ಕೆ ಬಂದ ಮೇಲೇ ಹಗೇವು ಅಂದ್ರೇನು ಅಂತ ತಿಳಿದಿದ್ದು. ನೆಲದೊಳಗೆ ಜೋಳ ತುಂಬಿಟ್ಟ ಗುಂಡಿ, ಬಾಯಿ ತೆಗೆದ ಕೂಡಲೇ ಯಾರೂ ಇಳಿಯಲ್ಲ, ಗಾಳಿಯಾಡೋಕೆ ಬಿಡ್ತಾರೆ, ಆಮೇಲೆ ಕಂದೀಲು ಇಳಿಬಿಟ್ಟು ನೋಡ್ತಾರೆ, ದೀಪ ಆರಿದ್ರೆ ಮನುಷ್ಯನೂ ಆರ್ತಾನೆ ಅಂತ ಲೆಕ್ಕ. ಕಾಳು ಉಸಿರಾಡಿ ಒಳಗಿನ ಆಮ್ಲಜನಕ ತಿಂದು ಹಾಕಿರುತ್ತೆ, ಇಂಗಾಲದ ಡೈಆಕ್ಸೈಡ್ ತುಂಬಿರುತ್ತೆ. ಹೀಲಿಯಂ ಥರದ್ದೇ ಅಂತ ಹೇಳೋಕಾಗಲ್ಲ, ಆದ್ರೆ ಮೂಗನ್ನ ನಂಬಬೇಡ, ದೀಪ ನಂಬು ಅನ್ನೋ ಬುದ್ಧಿ ಇದೆಯಲ್ಲ, ಅದು ಎರಡಕ್ಕೂ ಒಂದೇ. ಹೀಲಿಯಂಗೆ ವಾಸನೆ ಇಲ್ಲ, ಬಣ್ಣ ಇಲ್ಲ, ರುಚಿ ಇಲ್ಲ.

ಇಲ್ಲಿಯವರೆಗೆ ಹೇಳಿದ್ದು ಬಲೂನಿಂದ ಎಳೆಯೋ ವಿಷಯ. ಹೌದು, ಒಂದು ಸಣ್ಣ ಬಲೂನಿಂದ ಒಂದು ಸಲ ಎಳೆದ ಹೆಚ್ಚಿನ ಜನಕ್ಕೆ ತಲೆ ಸುತ್ತಿ ಸರಿಹೋಗುತ್ತೆ, ಅದನ್ನ ನಾನು ಮುಚ್ಚಿಡಲ್ಲ, ಮುಚ್ಚಿಟ್ರೆ ನೀವು ನನ್ನ ಉಳಿದ ಮಾತೂ ನಂಬಲ್ಲ. ಆದ್ರೆ ಮಕ್ಕಳು ಒಂದಕ್ಕೆ ನಿಲ್ಲಿಸ್ತಾರಾ? ಪಕ್ಕದವನು ಎರಡು ಎಳೆದ್ರೆ ಇವನು ಮೂರು. ಆಸ್ತಮಾ ಇರೋ ಮಗು ಯಾವುದು, ಹೃದಯದಲ್ಲಿ ತೂತು ಇರೋ ಮಗು ಯಾವುದು ಅಂತ ಪಾರ್ಟಿಯಲ್ಲಿ ಯಾರಿಗೆ ಗೊತ್ತಿರುತ್ತೆ.

ಸಿಲಿಂಡರಿಗೆ ನೇರ ಬಾಯಿ ಇಡೋದು ಮಾತ್ರ ಪೂರ್ತಿ ಬೇರೆಯೇ ಅಪಾಯ, ಅದಕ್ಕೇ ನಾನು ಅವತ್ತು ಹಾಗೆ ಕೂಗಿದ್ದು. ದೊಡ್ಡ ಸಿಲಿಂಡರಲ್ಲಿ 150 ಬಾರ್ ಅಥವಾ ಅದಕ್ಕೂ ಹೆಚ್ಚು ಒತ್ತಡ ಇರುತ್ತೆ. ನಿಮ್ಮ ಕಾರ್ ಟೈರಲ್ಲಿ ಎರಡು ಬಾರ್ ಚಿಲ್ಲರೆ. ಅಂಗಡಿಯಲ್ಲಿ ಸಿಗೋ ಪಾರ್ಟಿ ಸಿಲಿಂಡರಲ್ಲಿ ಕಡಿಮೆ, ಆದ್ರೂ ಲಾರಿ ಟೈರಿಗಿಂತ ಜಾಸ್ತಿ. ನಮ್ಮ ಐಸಿಯುನಲ್ಲಿ ವೆಂಟಿಲೇಟರ್ ಹಾಕಿದಾಗ ಶ್ವಾಸಕೋಶದ ಒಳಗಿನ ಒತ್ತಡ 30 ಸೆಂಟಿಮೀಟರ್ ನೀರಿನಷ್ಟು ದಾಟದ ಹಾಗೆ ಕಣ್ಣಿಟ್ಟು ಕಾಯ್ತೀವಿ, 30 ಸೆಂಟಿಮೀಟರ್ ಅಂದ್ರೆ ಒಂದು ಸ್ಕೇಲ್ ಉದ್ದದ ನೀರು. ಅದೇ ಅಳತೆಯಲ್ಲಿ 150 ಬಾರ್ ಅಂದ್ರೆ ಒಂದೂವರೆ ಲಕ್ಷ ಸೆಂಟಿಮೀಟರ್. ನಾಜಲ್‌ನಲ್ಲಿ ಅಷ್ಟೂ ಒತ್ತಡ ಒಂದೇ ಸಲಕ್ಕೆ ಬರಲ್ಲ, ಆದ್ರೆ ಅಷ್ಟು ಬರೋ ಅಗತ್ಯವೇ ಇಲ್ಲ. ಒಂದು ಮೀಟರ್ ಚಿಲ್ಲರೆ ಆಳದ ನೀರಿಂದ ಉಸಿರು ಬಿಗಿಹಿಡಿದು ಮೇಲೆ ಬಂದ, ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಕೊಂಡ ಸ್ಕೂಬಾ ಡೈವರ್‌ಗಳ ಶ್ವಾಸಕೋಶ ಒಳಗಿನ ಗಾಳಿ ಹಿಗ್ಗಿ ಹರಿದ ಉದಾಹರಣೆ ಇದೆ.

ನಮ್ಮ ಶ್ವಾಸಕೋಶದಲ್ಲಿ ಸುಮಾರು 30 ಕೋಟಿ ಸಣ್ಣ ಗಾಳಿಗೂಡು ಇವೆ, ಗಾಳಿಗೂ ರಕ್ತಕ್ಕೂ ನಡುವಿನ ಪೊರೆ ಒಂದು ಮೈಕ್ರಾನ್‌ಗಿಂತ ತೆಳು, ಮೈಕ್ರಾನ್ ಅಂದ್ರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಒತ್ತಡಕ್ಕೆ ಅದು ಹರಿದ್ರೆ ಗಾಳಿ ಎರಡು ಕಡೆ ನುಗ್ಗಬಹುದು. ಶ್ವಾಸಕೋಶದ ಹೊರಗಡೆ ಎದೆಗೂಡಿನಲ್ಲಿ ತುಂಬ್ಕೊಂಡ್ರೆ ಶ್ವಾಸಕೋಶ ಕುಸಿಯುತ್ತೆ. ರಕ್ತನಾಳದೊಳಗೆ ನುಗ್ಗಿದ್ರೆ ಗುಳ್ಳೆ ಹೃದಯದ ಎಡಭಾಗಕ್ಕೆ, ಅಲ್ಲಿಂದ ಮಿದುಳಿನ ನಾಳಕ್ಕೆ ಹೋಗಿ ಅಡ್ಡ ನಿಲ್ಲುತ್ತೆ, ಲಕ್ವ ಹೊಡೆದ ಹಾಗೆ.

2012ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಒಂದು ಪಾರ್ಟಿಯಲ್ಲಿ 14 ವರ್ಷದ ಹುಡುಗಿ ಸಿಲಿಂಡರಿಂದ ಎಳೆದು ಹೀಗೇ ತೀರಿಕೊಂಡಳು. ಜೊತೆಯವರೆಲ್ಲ ಎಳೆದಿದ್ರು, ಅವಳ ಸರದಿ ಬಂತು, ಅಷ್ಟೇ. 2015ರ ಜನವರಿಯಲ್ಲಿ ಜಪಾನಿನ ಒಂದು ಟಿವಿ ಕಾರ್ಯಕ್ರಮದ ಶೂಟಿಂಗ್‌ನಲ್ಲಿ ಹಾಡುವ ತಂಡದ 12 ವರ್ಷದ ಹುಡುಗಿಗೆ ದನಿ ಬದಲಾಯಿಸೋ ಸ್ಪ್ರೇ ಕ್ಯಾನ್ ಕೊಟ್ರು, ಎಳೆದವಳು ಅಲ್ಲೇ ಪ್ರಜ್ಞೆ ತಪ್ಪಿ ಬಿದ್ದಳು, ಮಿದುಳಿನ ನಾಳಕ್ಕೆ ಗಾಳಿ ಸೇರಿತ್ತು. ಈ ಕೇಸ್ ನನಗೆ ಯಾಕೆ ಮುಖ್ಯ ಅಂದ್ರೆ ಆ ಕ್ಯಾನಲ್ಲಿ ಬರೀ ಹೀಲಿಯಂ ಇರಲಿಲ್ಲ, ಶೇಕಡಾ 20ರಷ್ಟು ಆಮ್ಲಜನಕ ಬೆರೆಸಿತ್ತು, ನಾವೀಗ ಉಸಿರಾಡ್ತಿರೋ ಗಾಳಿಯಲ್ಲಿ 21 ಇದೆ, ಹತ್ತಿರ ಹತ್ತಿರ ಅಷ್ಟೇ. ಆಮ್ಲಜನಕ ಇದ್ರೂ ಒತ್ತಡ ತನ್ನ ಕೆಲಸ ಮಾಡ್ತು. ಕ್ಯಾನ್ ಮೇಲೆ ದೊಡ್ಡವರಿಗೆ ಮಾತ್ರ ಅಂತ ಬರೆದಿತ್ತು. ಅಲ್ಲಿದ್ದ ಯಾವ ದೊಡ್ಡವರೂ ಓದಿರಲಿಲ್ಲ ಅಂತ ಕಾಣುತ್ತೆ.

ಹೀಲಿಯಂ ಮೇಲೆ ನನಗೆ ದ್ವೇಷ ಏನೂ ಇಲ್ಲ, ಅದು ಜೀವ ಉಳಿಸೋದನ್ನೂ ನೋಡಿದ್ದೀನಿ. ಗಂಟಲು ಊದಿ ಉಸಿರಿನ ದಾರಿ ಸೂಜಿಯಷ್ಟು ಸಣ್ಣ ಆದಾಗ ಹೀಲಿಯಂ ಮತ್ತು ಆಮ್ಲಜನಕ ಬೆರೆಸಿ ಕೊಡ್ತೀವಿ, ಹೀಲಿಯಾಕ್ಸ್ ಅಂತಾರೆ, ಹಗುರ ಅಲ್ವಾ, ಆ ಸಣ್ಣ ದಾರಿಯಲ್ಲೂ ಸಲೀಸಾಗಿ ಜಾರಿ ಹೋಗುತ್ತೆ. 1930ರ ದಶಕದಿಂದ ಇದೆ ಈ ವಿದ್ಯೆ. ಆಳ ಸಮುದ್ರದ ಡೈವರ್‌ಗಳೂ ಇದನ್ನೇ ಉಸಿರಾಡ್ತಾರೆ, ಯಾಕಂದ್ರೆ ಅಷ್ಟು ಆಳದಲ್ಲಿ ಸಾರಜನಕ ಕುಡಿದ ಹಾಗೆ ಅಮಲು ಏರಿಸುತ್ತೆ, ಹೀಲಿಯಂ ಏರಿಸಲ್ಲ. ದಿನಗಟ್ಟಲೆ ಕೀರಲು ದನಿಯಲ್ಲೇ ಇರ್ತಾರೆ ಅವರು, ಮೇಲಿನ ಹಡಗಿನವರಿಗೆ ಮಾತು ಅರ್ಥ ಆಗಲಿ ಅಂತ ದನಿ ಸರಿ ಮಾಡೋ ಮಷೀನೇ ಬೇರೆ ಇದೆ. ಎರಡೂ ಕಡೆ ಆಮ್ಲಜನಕ ಅಳೆದು ಬೆರೆಸಿರುತ್ತೆ, ಒತ್ತಡ ಕಾಯೋಕೆ ಒಬ್ಬರು ಕೂತಿರ್ತಾರೆ. ಬರ್ತ್‌ಡೇ ಪಾರ್ಟಿಯಲ್ಲಿ ಯಾರು ಕೂತಿರ್ತಾರೆ ಹೇಳಿ.

ಎಂಆರ್‌ಐ ಮಷೀನಲ್ಲೂ ಹೀಲಿಯಂ ಇದೆ, ಮೈನಸ್ 269 ಡಿಗ್ರಿಯ ದ್ರವ, ಅದೇ ಮಷೀನೊಳಗಿನ ಅಯಸ್ಕಾಂತವನ್ನ ತಣ್ಣಗಿಡೋದು. ಒಂದು ಲೀಟರ್ ದ್ರವ ಆವಿಯಾದ್ರೆ 700 ಲೀಟರಿಗೂ ಹೆಚ್ಚು ಗ್ಯಾಸ್ ಆಗುತ್ತೆ, ಅದು ಹೊರಗೆ ಹೋಗೋಕೆ ಅಂತಲೇ ದಪ್ಪ ಪೈಪ್ ಹಾಕಿರ್ತಾರೆ, ರೂಮಲ್ಲಿ ಆಮ್ಲಜನಕ ಅಳೆಯೋ ಸೆನ್ಸರ್ ಇರುತ್ತೆ. ಸ್ವಲ್ಪ ದಾರಿ ತಪ್ಪಿ ಒಂದು ಕಥೆ ಹೇಳ್ತೀನಿ. 2018ರಲ್ಲಿ ಅಮೆರಿಕದ ಇಲಿನಾಯ್ಸ್‌ನ ಒಂದು ಆಸ್ಪತ್ರೆಯಲ್ಲಿ ಹೊಸ ಎಂಆರ್‌ಐ ಕೂರಿಸ್ತಿದ್ದಾಗ ಹೀಲಿಯಂ ಸೋರಿ ಕಟ್ಟಡದೊಳಗೆ ಹರಡ್ತು, ಸುಮಾರು 40 ಐಫೋನು, ಆಪಲ್ ವಾಚು ಎಲ್ಲ ಸತ್ತುಬಿದ್ವು, ಬೇರೆ ಕಂಪನಿ ಫೋನೆಲ್ಲ ಆರಾಮಾಗಿದ್ವು. ಹೀಲಿಯಂ ಪರಮಾಣು ಎಷ್ಟು ಸಣ್ಣದು ಅಂದ್ರೆ ಆ ಫೋನಿನ ಗಡಿಯಾರದ ಚಿಪ್ಪಿನೊಳಗೂ ನುಸುಳಿತ್ತು. ಕೆಲವು ದಿನ ಬಿಟ್ಟು ಹೆಚ್ಚಿನವು ತಾವೇ ಸರಿಯಾದ್ವು. ನಿಮ್ಮ ರಬ್ಬರ್ ಬಲೂನ್ ಮಾರನೇ ದಿನ ನೆಲಕ್ಕೆ ಬೀಳೋದೂ ಇದೇ ನುಸುಳೋ ಬುದ್ಧಿಯಿಂದ.

ಜಾತ್ರೆ ಬಲೂನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಹೀಲಿಯಂ ದುಬಾರಿ, ನಮ್ಮ ದೇಶಕ್ಕೆ ಬಹುಪಾಲು ಹೊರಗಿಂದಲೇ ಬರಬೇಕು. ಹಾಗಾಗಿ ಮೇಲೆ ಹಾರೋ ಬಲೂನೆಲ್ಲ ಹೀಲಿಯಂ ಅಂದ್ಕೋಬೇಡಿ, ಎಷ್ಟೋ ಕಡೆ ಅದು ಹೈಡ್ರೋಜನ್, ಹಳೇ ಸಿಲಿಂಡರಲ್ಲಿ ಅವರೇ ತಯಾರು ಮಾಡಿದ್ದು. ಅದು ಒಂದು ಕಿಡಿಗೆ ಧಗ್ ಅನ್ನುತ್ತೆ. 2012ರಲ್ಲಿ ಅರ್ಮೇನಿಯಾದ ಯೆರೆವಾನ್‌ನಲ್ಲಿ ಒಂದು ಚುನಾವಣಾ ಸಭೆಯಲ್ಲಿ ಅಂಥ ಬಲೂನ್ ಗೊಂಚಲಿಗೆ ಬೆಂಕಿ ಹತ್ತಿ ನೂರಕ್ಕೂ ಹೆಚ್ಚು ಜನಕ್ಕೆ ಸುಟ್ಟಗಾಯ ಆಯ್ತು. ನಿಮ್ಮ ಮಗ ಎಳೀತಿರೋದು ಯಾವ ಗ್ಯಾಸ್ ಅಂತ ಮಾರೋ ಹುಡುಗನಿಗೇ ಗೊತ್ತಿರಲ್ಲ.

ಯಾರಾದ್ರೂ ಎಳೆದು ಬಿದ್ರೆ ಏನ್ ಮಾಡ್ಬೇಕು ಅಂತ ಇಲ್ಲೊಬ್ಬ ತಾಯಿ ಕೇಳಿದ್ರು. ಗ್ಯಾಸ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೀರಿ, ಮಗುವನ್ನ ಗಾಳಿ ಇರೋ ಕಡೆ ತನ್ನಿ, 108ಕ್ಕೆ ಫೋನ್ ಮಾಡಿ. ಕೂರಿಸ್ಬೇಡಿ, ಮಲಗಿಸಿ. ಬಾಯಿಗೆ ನೀರು ಹಾಕ್ಬೇಡಿ, ಈರುಳ್ಳಿ ಮೂಸಿಸ್ಬೇಡಿ. ಉಸಿರಿಲ್ಲ ಅಂದ್ರೆ ಆಂಬುಲೆನ್ಸ್ ಬರೋವರೆಗೂ ಎದೆ ಒತ್ತಿ, ಬಾಯಿಗೆ ಬಾಯಿಟ್ಟು ಉಸಿರು ಕೊಡೋದು ಗೊತ್ತಿದ್ರೆ ಕೊಡಿ. ಡಾಕ್ಟರಿಗೆ "ಹೀಲಿಯಂ ಎಳೆದ, ಬಲೂನಿಂದ" ಅಥವಾ "ಸಿಲಿಂಡರಿಂದ" ಅಂತ ಸ್ಪಷ್ಟ ಹೇಳಿ, ಬೈತಾರೆ ಅಂತ ಮುಚ್ಚಿಡಬೇಡಿ, ಸಿಲಿಂಡರಿಂದ ಅಂದ ಕೂಡಲೇ ನಮ್ಮ ಯೋಚನೆ ಬದಲಾಗುತ್ತೆ. ಎದ್ದು ಕೂತು ಮಾತಾಡ್ತಿದ್ರೂ ಎದೆ ನೋವು, ತಲೆ ನೋವು, ಮಾತು ತೊದಲೋದು, ಕೈ ಸೋತ ಹಾಗೆ, ಕುತ್ತಿಗೆ ಚರ್ಮ ಮುಟ್ಟಿದ್ರೆ ಚರಪರ ಅನ್ನೋದು, ಇದರಲ್ಲಿ ಯಾವುದೊಂದು ಇದ್ರೂ ರಾತ್ರಿ ಕಾಯದೇ ಕರ್ಕೊಂಡು ಬನ್ನಿ. ರಕ್ತನಾಳದ ಗಾಳಿ ಗುಳ್ಳೆಗೆ ಒತ್ತಡದ ಆಮ್ಲಜನಕದ ಚೇಂಬರ್ ಬೇಕಾಗುತ್ತೆ, ಅದು ಎಲ್ಲ ಊರಲ್ಲಿ ಇಲ್ಲ, ದೂರ ಕಳಿಸಬೇಕಾಗುತ್ತೆ, ಹಾಗಾಗಿ ಪ್ರತಿ ಗಂಟೆಯೂ ಲೆಕ್ಕಕ್ಕೆ ಬರುತ್ತೆ.

ಕೊನೆಗೆ ಫಿಸಿಕ್ಸ್ ಮೇಷ್ಟ್ರು ಕೇಳಿದ್ರು, ಹಾಗಾದ್ರೆ ಕ್ಲಾಸಲ್ಲಿ ತೋರಿಸೋದು ಹೇಗೆ ಮೇಡಂ, ಹುಡುಗರಿಗೆ ಆ ಖುಷಿನೇ ಬೇಡ್ವಾ ಅಂತ. ಬೇಕು, ಖಂಡಿತ ಬೇಕು, ಅದಕ್ಕೇ ಈ ಎರಡು ಬಲೂನ್ ತಂದಿರೋದು. ಒಂದರಲ್ಲಿ ಮಾಮೂಲಿ ಗಾಳಿ, ಇನ್ನೊಂದರಲ್ಲಿ ಹೀಲಿಯಂ, ಎರಡರ ಬಾಯಿಗೂ ಜಾತ್ರೆಯಲ್ಲಿ ಸಿಗೋ ಒಂದೇ ಥರದ ಸೀಟಿ ಸಿಕ್ಕಿಸಿದ್ದೀನಿ, ಒಳಗೆ ನಡುಗೋ ನಾಲಿಗೆ ಇಲ್ಲದ್ದು. ಇಂಥ ಸೀಟಿಯಲ್ಲಿ ಸ್ವರ ಹುಟ್ಟೋದೇ ಒಳಗಿನ ಗ್ಯಾಸಿನಿಂದ, ನಮ್ಮ ಗಂಟಲಿನ ಹಾಗೆ ಬೇರೆ ತಂತು ಇಲ್ಲ, ಹಾಗಾಗಿ ಇಲ್ಲಿ ಶ್ರುತಿಯೇ ಏರುತ್ತೆ, ವ್ಯತ್ಯಾಸ ಇನ್ನೂ ಚೆನ್ನಾಗಿ ಕೇಳಿಸುತ್ತೆ. ಮುಂದಿನ ಸಾಲಿನ ಆ ಪುಟ್ಟ ಬಾಮ್ಮ, ಇದನ್ನ ಹಿಡ್ಕೋ, ಮುಖದಿಂದ ದೂರ ಹಿಡ್ಕೋ, ನಾನು ಹೇಳಿದಾಗ ಬೆರಳು ಬಿಡು. ಮೊದಲು ಗಾಳೀದು. ಕೇಳಿಸ್ತಾ? ಈಗ ಅದು.